573201 ಅವಿಭಾಜ್ಯ ಅಲ್ಲ, ಆದರೆ ಒಳಗೊಂದು ಇದೆ

ಹಾಸನದ ಪಿನ್‌ಕೋಡ್ 573201 ಅವಿಭಾಜ್ಯ ಸಂಖ್ಯೆಯಾ, ಕೈಲೆಕ್ಕದಲ್ಲಿ ಹೇಗೆ ನೋಡೋದು ಅಂತ ಕೇಳಿದ್ದೀರಿ. ಅಲ್ಲ. ಅಂಕಿಗಳನ್ನು ಕೂಡಿ, 18 ಬರುತ್ತದೆ, ಅಂದ್ರೆ 9ರಿಂದ ಭಾಗವಾಗುತ್ತದೆ. (10, 100, 1000 ಯಾವುದನ್ನೇ 9ರಿಂದ ಭಾಗಿಸಿದರೂ 1 ಉಳಿಯುತ್ತದೆ, ಅದಕ್ಕೇ ಈ ಉಪಾಯ ನಡೆಯೋದು.) ಭಾಗಿಸಿದರೆ ಸಿಗೋದು 63689.

ನಿಜವಾದ ಕೆಲಸ ಇದರದ್ದು. 253ರ ವರ್ಗ 64009, ಅದು ಆಗಲೇ ಜಾಸ್ತಿಯಾಯಿತು, ಅಂದ್ರೆ 63689 ಎರಡು ಸಂಖ್ಯೆಗಳ ಗುಣಲಬ್ಧವಾಗಿದ್ದರೆ ಒಂದಾದರೂ 253ಕ್ಕಿಂತ ಚಿಕ್ಕದಿರಲೇಬೇಕು, ಹಾಗಾಗಿ 251ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು. 2, 3, 5 ಆಗಲ್ಲ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಉಳಿದ 51 ಭಾಗಾಕಾರ ಮಾಡಲೇಬೇಕು, ಬೇಲೂರಿಗೆ ಬಸ್ಸಲ್ಲಿ ಹೋಗುವಷ್ಟರಲ್ಲಿ ಮುಗಿಸಬಹುದು. ಯಾವುದರಿಂದಲೂ ಭಾಗವಾಗಲ್ಲ. 63689 ಅವಿಭಾಜ್ಯ.

ನನಗೆ ಇಷ್ಟವಾದ ಭಾಗ ಇನ್ನೊಂದಿದೆ. 4ರಿಂದ ಭಾಗಿಸಿದಾಗ 1 ಉಳಿಯುವ ಪ್ರತಿ ಅವಿಭಾಜ್ಯವೂ ಎರಡು ವರ್ಗಗಳ ಮೊತ್ತ, ಅದೂ ಒಂದೇ ಒಂದು ರೀತಿಯಲ್ಲಿ. ಇದು ಗಣಿತಜ್ಞ ಫರ್ಮಾ 17ನೇ ಶತಮಾನದಲ್ಲಿ ಹೇಳಿದ್ದು, ಮುಂದಿನ ಶತಮಾನದಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಸಾಧಿಸಿ ತೋರಿಸಿದರು. 63689 ಕೂಡ ಅಂಥದ್ದೇ, ಅದಕ್ಕೆ ಆ ಜೋಡಿ 235 ಮತ್ತು 92. ಎರಡನ್ನೂ 3ರಿಂದ ಗುಣಿಸಿದರೆ 705 ಮತ್ತು 276, ಅವುಗಳ ವರ್ಗ 497025 ಮತ್ತು 76176, ಕೂಡಿ ನೋಡಿ, ನಿಮ್ಮ ಪಿನ್‌ಕೋಡೇ ಬರುತ್ತದೆ!

ಪಕ್ಕದ ಚಿಕ್ಕಮಗಳೂರಿನ 577101ಕ್ಕೆ ಈ ಭಾಗ್ಯ ಇಲ್ಲ. ಅದು 3 × 7 × 27481. 3 ಮತ್ತು 7ನ್ನು 4ರಿಂದ ಭಾಗಿಸಿದರೆ 3 ಉಳಿಯುತ್ತದೆ, ಅಂಥವು ಜೋಡಿಯಾಗಿ ಬರದೆ ಒಂಟಿಯಾಗಿ ಬಂದರೆ ಎರಡು ವರ್ಗಗಳ ಮೊತ್ತ ಆಗೋದೇ ಇಲ್ಲ. ಸಕಲೇಶಪುರದ್ದು ನೀವೇ ಮಾಡಿ ನೋಡಿ.