ಒಬ್ಬನನ್ನು ಬಿಟ್ಟುಕೊಟ್ಟು ತಂಡ ಕಟ್ಟಿದವರು

ಪತ್ರ: ಮಗಳ ಮನಿಗಂತ ಅಮೆರಿಕದ ಡಲ್ಲಾಸ್‌ಗೆ ಹೋಗಿದ್ದೆ. ಅಲ್ಲಿ ಪಾರ್ಕಿನ್ಯಾಗ ಕೂಡೋ ನನ್ನ ವಾರಿಗಿ ಮಂದಿ ಫುಟ್‌ಬಾಲ್ ಮಾತು ತಗದ್ರ ಒಂದೇ ಸುದ್ದಿ. ತಮ್ಮ ಕೌಬಾಯ್ಸ್ ತಂಡ ಇದ್ದುದರಾಗ ಚಲೋ ಆಟಗಾರನ್ನ ಬ್ಯಾರೆ ತಂಡಕ್ಕ ಕೊಟ್ಟು, ಅದರಿಂದಲೇ ಮುಂದ ಮೂರು ಸಲ ಚಾಂಪಿಯನ್ ಆಯ್ತಂತ. ಖರೇ ಏನ್ರಿ? ನಾವು ವಾಡಿಯೊಳಗ ಆಡೋ ಕಾಲಕ್ಕ ನಮ್ಮ ಫಾರ್ವರ್ಡ್ ಹುಡುಗ ಹೈದರಾಬಾದಿಗೆ ನೌಕರಿಗೆ ಹೋದ, ಎರಡು ವರ್ಷದಾಗ ಟೀಮೇ ಮುಗೀತು. ಅವರು ಕೊಟ್ಟು ಗೆದ್ದರು, ನಾವು ಕೊಟ್ಟು ಯಾಕ ಸೋತೆವು? ಮತ್ತ, ಸಂತ್ಯಾಗ ಎತ್ತು ಮಾರಿದಂಗ ಮನುಷ್ಯಾರನ್ನ ಅದಲುಬದಲು ಮಾಡೋದು ಸರಿ ಏನ್ರಿ?
— ನಿವೃತ್ತ ಮಾಸ್ತರರು, ಸೇಡಂ

ಸಂಪಾದಕರ ಉತ್ತರ:

ಮಾಸ್ತರೇ, ನಿಮ್ಮ ಡಲ್ಲಾಸ್ ಗೆಳೆಯರು ಹೇಳಿದ್ದು ಮುಕ್ಕಾಲು ಪಾಲು ಖರೆ. ಉಳಿದ ಕಾಲು ಪಾಲಿನಲ್ಲೇ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇರುವುದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ. ಉಳಿದ ಓದುಗರಿಗಾಗಿ ಒಂದು ಮಾತು: ಇದು ನಮ್ಮ ಕಲಬುರಗಿ ಜಿಲ್ಲೆಯ ವಾಡಿಯಲ್ಲಿ ನೀವು ಆಡಿದ ಫುಟ್‌ಬಾಲ್ ಅಲ್ಲ. ಮೊಟ್ಟೆಯಾಕಾರದ ಚೆಂಡನ್ನು ಬಹುಪಾಲು ಕೈಯಲ್ಲೇ ಹಿಡಿದು ಓಡುವ ಅಮೆರಿಕದವರ ಆಟ.

1989ರ ಫೆಬ್ರುವರಿಯಲ್ಲಿ ಜೆರ್ರಿ ಜೋನ್ಸ್ ಎಂಬ ತೈಲ ವ್ಯಾಪಾರಿ ಕೌಬಾಯ್ಸ್ ತಂಡವನ್ನು ಕೊಂಡುಕೊಂಡರು. ತಂಡ ಹುಟ್ಟಿದಾಗಿನಿಂದ 29 ಹಂಗಾಮು ಕೋಚ್ ಆಗಿದ್ದ ಟಾಮ್ ಲ್ಯಾಂಡ್ರಿಯವರನ್ನು ಬಂದವರೇ ಮನೆಗೆ ಕಳಿಸಿದರು. ಆ ಜಾಗಕ್ಕೆ ತಮ್ಮ ಕಾಲೇಜು ತಂಡದ ಜೊತೆಗಾರ ಜಿಮ್ಮಿ ಜಾನ್ಸನ್‌ರನ್ನು ತಂದರು. ಊರಿಗೆ ಊರೇ ಸಿಟ್ಟಾಯಿತು. ಹೊಸ ಹಂಗಾಮಿನ ಮೊದಲ ಐದೂ ಪಂದ್ಯ ಸೋತಾಗ ತಂಡದಲ್ಲಿ ಬೇರೆಯವರು ಕಣ್ಣಿಟ್ಟಿದ್ದ ದೊಡ್ಡ ಆಟಗಾರ ಹರ್ಷಲ್ ವಾಕರ್. ಹಿಂದಿನ ವರ್ಷ ಚೆಂಡು ಹಿಡಿದು 1,514 ಗಜ ಓಡಿದ್ದವನು. ಅತ್ತ ಮಿನೆಸೋಟ ವೈಕಿಂಗ್ಸ್ ತಂಡಕ್ಕೆ ಇಂಥ ಒಬ್ಬ ಓಟಗಾರ ಸಿಕ್ಕರೆ ಕಪ್ ನಮ್ಮದೇ ಎಂಬ ನಂಬಿಕೆ. 1989ರ ಅಕ್ಟೋಬರ್ 12ರಂದು ವ್ಯವಹಾರ ಕುದುರಿತು.

ಇಲ್ಲಿ ಡಲ್ಲಾಸ್ ಏನು ಪಡೆಯಿತು ಎಂಬುದನ್ನು ನಿಧಾನವಾಗಿ ನೋಡಬೇಕು. ಆ ದೇಶದಲ್ಲಿ ಪ್ರತಿ ವರ್ಷ ಕಾಲೇಜು ಮುಗಿಸಿ ಬರುವ ಹುಡುಗರನ್ನು ತಂಡಗಳು ಪಾಳಿ ಪ್ರಕಾರ ಆರಿಸಿಕೊಳ್ಳುತ್ತವೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕೊನೆಯ ಸ್ಥಾನದಲ್ಲಿದ್ದ ತಂಡಕ್ಕೆ ಮೊದಲ ಪಾಳಿ, ಚಾಂಪಿಯನ್‌ಗೆ ಕೊನೆಯ ಪಾಳಿ. ಆ ಪಾಳಿಯನ್ನೇ ಇನ್ನೊಂದು ತಂಡಕ್ಕೆ ಕೊಡಬಹುದು, ಕೊಳ್ಳಬಹುದು. ವಾಕರ್‌ಗೆ ಬದಲಾಗಿ ವೈಕಿಂಗ್ಸ್ ಐವರು ಆಟಗಾರರನ್ನು ಕೊಟ್ಟಿತು. ಜೊತೆಗೆ ಮುಂದಿನ ಮೂರು ವರ್ಷಗಳ ಎಂಟು ಪಾಳಿ, ಅವುಗಳಲ್ಲಿ ಮೂರು ಮೊದಲ ಸುತ್ತಿನವು. ಇವುಗಳಲ್ಲಿ ಹಲವಕ್ಕೆ ಒಂದು ಷರತ್ತು ಅಂಟಿಕೊಂಡಿತ್ತು: ಬಂದ ಆಟಗಾರರನ್ನು ಇಂಥ ತಾರೀಖಿನೊಳಗೆ ಡಲ್ಲಾಸ್ ಕೈಬಿಟ್ಟರೆ ಮಾತ್ರ ಅವರ ಬದಲಿನ ಪಾಳಿ ಸಿಗುತ್ತದೆ. ಪಳಗಿದ ಆಟಗಾರರನ್ನು ಹೊರಗಟ್ಟಿ, ಇನ್ನೂ ಕಾಲೇಜಿನಲ್ಲಿ ಓದುತ್ತಿರುವ ಗುರುತು ಪರಿಚಯವಿಲ್ಲದ ಹುಡುಗರಿಗಾಗಿ ಯಾರು ಕಾಯುತ್ತಾರೆ ಎಂಬುದು ವೈಕಿಂಗ್ಸ್ ಲೆಕ್ಕ. ಜಾನ್ಸನ್ ಮೊದಲಿನಿಂದಲೂ ಕಣ್ಣಿಟ್ಟಿದ್ದು ಆ ಹುಡುಗರ ಮೇಲೆಯೇ.

ಇದು ಆಗ ಯಾರಿಗೂ ಹೊಳೆಯಲಿಲ್ಲ. ವೈಕಿಂಗ್ಸ್ ಪರ ಮೊದಲ ಪಂದ್ಯದಲ್ಲಿ ವಾಕರ್ 148 ಗಜ ಓಡಿದ. ಒಂದು ಓಟದ ನಡುವೆ ಕಾಲಿನ ಬೂಟು ಕಳಚಿ ಬಿದ್ದರೂ ನಿಲ್ಲಲಿಲ್ಲ. ಮಿನೆಸೋಟದ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡಲ್ಲಾಸ್ ಆ ವರ್ಷ ಹದಿನಾರರಲ್ಲಿ ಗೆದ್ದದ್ದು ಒಂದೇ ಪಂದ್ಯ. ಮೋಸ ಹೋದವರು ನಾವೇ ಎಂದು ಊರಿನ ಪತ್ರಿಕೆಗಳೂ ಬರೆದವು. ನಿಮ್ಮ ಪಾರ್ಕಿನ ಗೆಳೆಯರಲ್ಲಿ ಎಷ್ಟೋ ಜನ ಆ ಚಳಿಗಾಲದಲ್ಲಿ ಜಾನ್ಸನ್‌ರನ್ನು ಬೈದವರೇ ಇರಬೇಕು. ಈಗ ಹೆಮ್ಮೆಯಿಂದ ನೆನೆಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ.

ಮುಂದಿನ ವರ್ಷ ಡಲ್ಲಾಸ್‌ಗೆ 7 ಗೆಲುವು, ಅದರ ಮುಂದಿನ ವರ್ಷ 11, ಆಮೇಲೆ 13. 1993 ಮತ್ತು 1994ರ ಜನವರಿಯಲ್ಲಿ, ಮತ್ತೆ 1996ರ ಜನವರಿಯಲ್ಲಿ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಫೈನಲ್ ಪಂದ್ಯ ಸೂಪರ್ ಬೌಲ್ ಗೆದ್ದರು. ವೈಕಿಂಗ್ಸ್‌ನಿಂದ ಬಂದ ಒಂದು ಪಾಳಿಗೆ ಇನ್ನಷ್ಟು ಸೇರಿಸಿ, ಪಿಟ್ಸ್‌ಬರ್ಗ್ ತಂಡದಿಂದ ಮೇಲಿನ ಪಾಳಿ ಪಡೆದು 1990ರಲ್ಲಿ ಆರಿಸಿಕೊಂಡ ಹುಡುಗ ಎಮಿಟ್ ಸ್ಮಿತ್. ನಿವೃತ್ತನಾಗುವ ಹೊತ್ತಿಗೆ ಅವನು ಓಡಿದ್ದು 18,355 ಗಜ, ಆ ಲೀಗಿನ ದಾಖಲೆ. ಡ್ಯಾರನ್ ವುಡ್ಸನ್ ಎಂಬ ಗಟ್ಟಿ ರಕ್ಷಕ ಬಂದದ್ದೂ ಇದೇ ವ್ಯವಹಾರದ ಪಾಳಿಯಿಂದ.

ಇನ್ನು ಆ ಕಾಲು ಪಾಲು. ಚೆಂಡೆಸೆದು ಆಟ ನಡೆಸುತ್ತಿದ್ದ ಟ್ರಾಯ್ ಏಕ್‌ಮನ್ ಬಂದದ್ದು ಈ ವ್ಯವಹಾರಕ್ಕೆ ಆರು ತಿಂಗಳ ಮೊದಲು. ಅವನ ಎಸೆತ ಹಿಡಿಯುತ್ತಿದ್ದ ಮೈಕಲ್ ಅರ್ವಿನ್ ಅದಕ್ಕೂ ಒಂದು ವರ್ಷ ಹಿಂದೆ, ಲ್ಯಾಂಡ್ರಿಯವರ ಕಾಲದಲ್ಲೇ ಬಂದವನು. ಇವರಿಬ್ಬರಿಲ್ಲದೆ ಸ್ಮಿತ್ ಒಬ್ಬನೇ ಎಷ್ಟು ಓಡಿದರೂ ಕಪ್ ಬರುತ್ತಿರಲಿಲ್ಲ. ಕೆಲಸ ನಡೆದದ್ದು ವ್ಯವಹಾರದ ಆ ಒಂದು ದಿನದಲ್ಲಿ ಅಲ್ಲ. ಸೋಲುತ್ತಲೇ ಹುಡುಗರನ್ನು ಹುಡುಕಿ, ಆರಿಸಿ, ತಿದ್ದಿದ ಮುಂದಿನ ಮೂರು ವರ್ಷಗಳಲ್ಲಿ.

ನಿಮ್ಮ ಎತ್ತಿನ ಮಾತಿಗೆ ಬರುತ್ತೇನೆ. ಅದು ನನ್ನನ್ನೂ ಚುಚ್ಚಿತು. ವೈಕಿಂಗ್ಸ್ ಕೊಟ್ಟ ಐವರಲ್ಲಿ ಡ್ಯಾರಿನ್ ನೆಲ್ಸನ್ ಎಂಬವನು ಡಲ್ಲಾಸ್‌ಗೆ ಬರುವುದಿಲ್ಲ ಎಂದು ಹಟ ಹಿಡಿದ, ಕಡೆಗೆ ಸ್ಯಾನ್ ಡಿಯಾಗೊ ತಂಡಕ್ಕೆ ಹೋದ. ವಾಕರ್‌ಗೂ ಊರು ಬಿಡುವ ಮನಸ್ಸಿರಲಿಲ್ಲ, ಒಪ್ಪಿಸಲು 12.5 ಲಕ್ಷ ಡಾಲರ್ ಕೊಡಬೇಕಾಯಿತು. ಹಣ ಸಿಕ್ಕಿತು ನಿಜ. ಆದರೆ ಮಿನೆಸೋಟದಲ್ಲಿ ಅವನಿದ್ದ ಯಾವ ಹಂಗಾಮಿನಲ್ಲೂ ಸಾವಿರ ಗಜ ದಾಟಲಿಲ್ಲ. ಅವನ ಓಟಕ್ಕೆ ತಕ್ಕಂತೆ ಆಟ ಹೊಂದಿಸುವುದು ಅಲ್ಲಿನ ಕೋಚ್‌ಗಳಿಂದ ಆಗಲಿಲ್ಲ. ಬೈಗುಳ ಮಾತ್ರ ಅವನ ತಲೆಗೆ ಬಂತು. ಷರತ್ತು ಬರೆದವನು ಅವನಲ್ಲ, ಪಾಳಿಗಳನ್ನು ಬಿಟ್ಟುಕೊಟ್ಟವನೂ ಅವನಲ್ಲ. ಆದರೂ ಇಂದಿಗೂ ಆ ಸೋಲಿನ ವ್ಯವಹಾರಕ್ಕೆ ಇರುವುದು ಅವನದೇ ಹೆಸರು. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. 1996ರಲ್ಲಿ ಅವನು ಡಲ್ಲಾಸ್‌ಗೆ ಮರಳಿ ಎರಡು ಹಂಗಾಮು ಆಡಿದ. ಅಷ್ಟರಲ್ಲಿ ಮೂರೂ ಕಪ್ ಬಂದು ಆಗಿತ್ತು.

ಈಗ ವಾಡಿ. ನಿಮ್ಮ ಫಾರ್ವರ್ಡ್ ಹೈದರಾಬಾದಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. 1956ರವರೆಗೆ ನಮ್ಮದೂ ಹೈದರಾಬಾದ್ ರಾಜ್ಯವೇ ಅಲ್ಲವೇ? ಸೈಯದ್ ಅಬ್ದುಲ್ ರಹೀಮ್ ಸಾಹೇಬರು ತಿದ್ದಿದ ಹೈದರಾಬಾದ್ ಸಿಟಿ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಮುಂಬೈಯ ಟೂರ್ನಿ ರೋವರ್ಸ್ ಕಪ್ ಗೆದ್ದಿತ್ತು. ಅದೇ ರಹೀಮ್ ಸಾಹೇಬರ ಕೈಯಲ್ಲಿ ಭಾರತ 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ತಂದಿತು. ಅಷ್ಟು ದೊಡ್ಡ ಹೈದರಾಬಾದಿನಿಂದಲೂ ಎಷ್ಟೋ ಆಟಗಾರರು ಕಲ್ಕತ್ತದ ಕ್ಲಬ್ಬುಗಳಿಗೆ ಹೊರಟುಹೋದರು. ಕಲಿಸಿದ ಮೈದಾನಕ್ಕೆ ಕರೆದೊಯ್ದವರು ಇಷ್ಟು ಕೊಡಬೇಕು ಎಂಬ ಕಟ್ಟುಪಾಡು ಆಗ ಇರಲಿಲ್ಲ. ಜಗತ್ತಿನ ಫುಟ್‌ಬಾಲ್‌ನಲ್ಲಿ ಅದು ಬಂದದ್ದು 2001ರಲ್ಲಿ: ಆಟಗಾರನೊಬ್ಬ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ ಅದರಲ್ಲಿ ಶೇ 5ರಷ್ಟನ್ನು, 12ರಿಂದ 23ರ ವಯಸ್ಸಿನೊಳಗೆ ಅವನನ್ನು ಬೆಳೆಸಿದ ಕ್ಲಬ್ಬುಗಳಿಗೆ ಹಂಚಬೇಕು ಎಂದು ಫಿಫಾ ನಿಯಮ ಮಾಡಿತು.

ಡಲ್ಲಾಸ್ ಒಬ್ಬನನ್ನು ಕೊಟ್ಟು ಮುಂದಿನ ಹುಡುಗರನ್ನು ಕೇಳಿ ಪಡೆಯಿತು. ನೀವು ಒಬ್ಬನನ್ನು ಕಳಿಸಿಕೊಟ್ಟಿರಿ, ಏನೂ ಕೇಳಲಿಲ್ಲ. ಕೇಳಬಹುದು ಎಂದು ಆಗ ಯಾರೂ ನಿಮಗೆ ಹೇಳಿಕೊಡಲೂ ಇಲ್ಲ. ಇವತ್ತಿಗೂ ಚಿತ್ತಾಪುರದಲ್ಲಿ, ಸುರಪುರದಲ್ಲಿ, ಹುಮನಾಬಾದಿನಲ್ಲಿ ಕಬಡ್ಡಿ, ವಾಲಿಬಾಲ್ ಆಡುವ ಚುರುಕು ಹುಡುಗರು ಪೊಲೀಸ್, ರೈಲ್ವೆ, ಸೈನ್ಯ ಎಂದು ಹೋಗುತ್ತಾರೆ. ಹೋಗಲೇಬೇಕು, ಮನೆಗೆ ಅನ್ನ ಬೇಕಲ್ಲ. ಆದರೆ ಹಾರ ಹಾಕಿ, ಫೋಟೊ ತೆಗೆಸಿ ಬಸ್ಸು ಹತ್ತಿಸಿದರೆ ತಂಡದವರ ಕೆಲಸ ಮುಗಿಯಬಾರದು. ವರ್ಷಕ್ಕೊಮ್ಮೆ ರಜೆಗೆ ಬಂದಾಗ ಎಂಟು ದಿನ ಮೈದಾನಕ್ಕೆ ಬಂದು ಹುಡುಗರಿಗೆ ಹೇಳಿಕೊಡುತ್ತೇನೆ ಎಂದು ಅವನಿಂದ ಮಾತು ತೆಗೆದುಕೊಳ್ಳಿ. ಕರೆದುಕೊಂಡು ಹೋದ ತಂಡದವರಿಗೆ ಒಂದು ಪತ್ರ ಬರೆದು ನೆಟ್ಟು, ಚೆಂಡು, ಬೂಟು ಕೇಳಿ. ಅವರು ಮುಂದಿನ ಸಲ ಆಯ್ಕೆ ನಡೆಸುವಾಗ ನಿಮ್ಮೂರಿನ ಇಬ್ಬರು ಚಿಕ್ಕ ಹುಡುಗರನ್ನು ನೋಡಲಿ ಎಂದು ಕೇಳಿ. ಇಲ್ಲ ಎನ್ನಬಹುದು, ಆದರೂ ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ ಅವನು ಹೊರಡುವ ಮುಂಚೆಯೇ, ಅವನ ಜಾಗಕ್ಕೆ ಎಂಟನೇ ಇಯತ್ತೆಯ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿ ಆಡಿಸಿ.

ಮಾಸ್ತರೇ, ಆ ಫಾರ್ವರ್ಡ್ ಹುಡುಗನ ಹೆಸರನ್ನು ನೀವು ಪತ್ರದಲ್ಲಿ ಬರೆದಿಲ್ಲ. ಅವನದೂ, ಉಳಿದ ಹತ್ತು ಮಂದಿಯದೂ ಹೆಸರು ಬರೆದು ಕಳಿಸಿ. ಯಾವ ಮೈದಾನ, ಎದುರಾಳಿ ಯಾರು, ಬೂಟು ಎಲ್ಲಿಂದ ತರುತ್ತಿದ್ದಿರಿ, ಎಲ್ಲವೂ ಇರಲಿ. ಮುಂದಿನ ಸಂಚಿಕೆಯಲ್ಲಿ ಎರಡು ಪುಟ ನಿಮ್ಮ ವಾಡಿ ತಂಡಕ್ಕೆಂದು ಇಟ್ಟಿದ್ದೇನೆ.