ಪ್ರತಿಕ್ರಿಯೆ: ಸಾಮಾನ್ಯ ಬದುಕಿನ ಬಗ್ಗೆ ಏನು ಬರೆಯುವುದು?

ತೀರಿಹೋದ ತಂದೆಯವರ ಬಗ್ಗೆ ಬರೆಯಲು ಕೂತರೆ ‘ತೀರಾ ಸಾಮಾನ್ಯ ಬದುಕು, ಏನೂ ಸಿಗುತ್ತಿಲ್ಲ’ ಎಂದಿದ್ದೀರಿ. ಹುಟ್ಟಿದ ದಿನದಿಂದ ಶುರುಮಾಡಿದ್ದೇ ತೊಡಕು. ಹಾಗೆ ಬರೆದರೆ ಕೆಲಸ, ವರ್ಗಾವಣೆ, ನಿವೃತ್ತಿಯ ಪಟ್ಟಿಯಷ್ಟೇ ಉಳಿಯುತ್ತದೆ. ಅವರ ಒಂದೇ ಒಂದು ಮಾಮೂಲಿ ದಿನ ಹಿಡಿಯಿರಿ: ಎದ್ದ ಕೂಡಲೇ ಏನು ಮಾಡುತ್ತಿದ್ದರು, ಕನ್ನಡಕ ಎಲ್ಲಿಡುತ್ತಿದ್ದರು, ಮಲಗುವ ಮುನ್ನ ಯಾವ ಬಾಗಿಲನ್ನು ಎರಡು ಸಲ ಎಳೆದು ನೋಡುತ್ತಿದ್ದರು.

ಬಲ್ಲವರನ್ನು ‘ಹೇಗಿದ್ದರು?’ ಎಂದು ಕೇಳಬೇಡಿ, ‘ಒಳ್ಳೆಯವರು’ ಎಂದು ಮುಗಿಸಿಬಿಡುತ್ತಾರೆ. ‘ನಿಮಗೆ ಏನು ಕಲಿಸಿಕೊಟ್ಟರು? ಯಾವುದಕ್ಕೆ ರೇಗುತ್ತಿದ್ದರು?’ ಎನ್ನಿ. ಒಪ್ಪಿದರೆ ರೆಕಾರ್ಡ್ ಮಾಡಿ, ಅರ್ಧ ಗಂಟೆ ಸಾಕು.

ಎಲ್ಲಕ್ಕಿಂತ ಮೊದಲು, ದಯವಿಟ್ಟು ಇವತ್ತೇ, ಅವರ ಧ್ವನಿ ಸಂದೇಶಗಳನ್ನು ಎರಡು ಕಡೆ ನಕಲು ಮಾಡಿಡಿ. 120 ದಿನ ಬಳಸದ ವಾಟ್ಸ್ಆ್ಯಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ.

ಅವರ ಹಠವನ್ನೂ ಬರೆಯಿರಿ. ಅದನ್ನು ತೆಗೆದರೆ ಹತ್ತಿರದವರಿಗೆ ಅವರ ಗುರುತೇ ಸಿಗುವುದಿಲ್ಲ.