ಪಾಸ್‌ಪೋರ್ಟ್ ಮುಗಿಯಲು ಇನ್ನೂ ನಾಲ್ಕು ತಿಂಗಳಿದ್ದರೆ ದುಬೈಗೆ ಹೋಗಬಹುದಾ?

ಇಲ್ಲ, ಆಗುವುದಿಲ್ಲ. ಏಪ್ರಿಲ್‌ನಲ್ಲಿ ಮಗನ ಮನೆಗೆ ದುಬೈಗೆ ಹೊರಟಿದ್ದೀರಿ, ಪಾಸ್‌ಪೋರ್ಟ್ ಆಗಸ್ಟ್‌ವರೆಗೆ ಇದೆ, ಹೋಗಿ ಬಂದ ಮೇಲೆ ರಿನ್ಯೂವಲ್ ಮಾಡಿಸಿದರೆ ಸಾಕಲ್ವಾ ಎಂದು ಕೇಳಿದ್ದೀರಿ. ಸಾಲದು. ದುಬೈಗೆ ಹೋಗುವ ದಿನಕ್ಕೆ ಪಾಸ್‌ಪೋರ್ಟ್‌ನಲ್ಲಿ ಕನಿಷ್ಠ ಆರು ತಿಂಗಳು ಉಳಿದಿರಬೇಕು. ಸಿಂಗಾಪುರ, ಮಲೇಷ್ಯಾ, ಇಂಡೋನೇಷ್ಯಾಕ್ಕೂ ಇದೇ ಲೆಕ್ಕ. ಪಾಸ್‌ಪೋರ್ಟ್ ಮೇಲೆ ಯಾವ ತಾರೀಖು ಇದ್ದರೂ ಅದರಿಂದ ಆರು ತಿಂಗಳು ಹಿಂದಕ್ಕೆ ಎಣಿಸಿ, ಅದೇ ಕೊನೆಯ ದಿನ ಅಂದುಕೊಳ್ಳಿ.

ಇದನ್ನು ನಮ್ಮ ಮನೆ ಕಲಿತದ್ದು ತುಂಬಾ ಕಷ್ಟಪಟ್ಟು. ತಂಗಿ ಕೌಲಾಲಂಪುರದಲ್ಲಿದ್ದಾಳೆ. ಅವಳ ಬಾಣಂತನಕ್ಕೆ ಅಮ್ಮ ಹೊರಟಿದ್ದರು. ಮಲೇಷ್ಯಾಕ್ಕೆ 2023ರ ಡಿಸೆಂಬರ್‌ನಿಂದ ನಮ್ಮವರಿಗೆ 30 ದಿನದವರೆಗೆ ವೀಸಾ ಬೇಡ, ಹಾಗಾಗಿ ಟಿಕೆಟ್ ತೆಗೆದು ಸೂಟ್‌ಕೇಸ್ ಕಟ್ಟಿದರೆ ಆಯಿತು ಅಂದುಕೊಂಡೆವು. ವೀಸಾಕ್ಕೆ ಹಾಕಿದ್ದರೆ ಅಲ್ಲೇ ಯಾರಾದರೂ ಹೇಳುತ್ತಿದ್ದರೋ ಏನೋ. ಅಂಟಿನುಂಡೆ, ಮೆಂತ್ಯದ ಹಿಟ್ಟು, ಮಗುವಿಗೆ ಹಳೇ ಕಾಟನ್ ಸೀರೆಯ ತುಂಡುಗಳು ಎಲ್ಲಾ ಕಟ್ಟಿಕೊಂಡು ದೇವನಹಳ್ಳಿಗೆ ಹೋದೆವು. ಚೆಕ್‌ಇನ್ ಕೌಂಟರ್‌ನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿ, ಇದರಲ್ಲಿ ನಾಲ್ಕು ತಿಂಗಳು ಇಪ್ಪತ್ತು ದಿನ ಮಾತ್ರ ಇದೆ, ಬೋರ್ಡಿಂಗ್ ಪಾಸ್ ಕೊಡಲು ಬರುವುದಿಲ್ಲ ಎಂದಳು. ಅವಳ ತಪ್ಪೇನೂ ಇಲ್ಲ, ನೋಡಬೇಕಾಗಿದ್ದವನು ನಾನು. ಟಿಕೆಟ್ ದುಡ್ಡು ಹೋಯಿತು. ಆದರೆ ನನಗೆ ಇವತ್ತಿಗೂ ನೋವಾಗುವುದು ದುಡ್ಡಿಗಲ್ಲ. ತತ್ಕಾಲ್‌ನಲ್ಲಿ ಹೊಸ ಪಾಸ್‌ಪೋರ್ಟ್ ಮಾಡಿಸಿ ಅಮ್ಮ ಅಲ್ಲಿಗೆ ತಲುಪುವಷ್ಟರಲ್ಲಿ ಹನ್ನೊಂದು ದಿನ ತಡವಾಗಿತ್ತು. ಅಷ್ಟರಲ್ಲಿ ಮಗು ಹುಟ್ಟಿ ಒಂದು ವಾರ ಕಳೆದಿತ್ತು.

ಹಾಗಾಗಿ ಇವತ್ತೇ ಅರ್ಜಿ ಹಾಕಿ. ಅವಧಿ ಮುಗಿಯಲು ಒಂದು ವರ್ಷ ಇರುವಾಗಲೇ ಹಾಕಬಹುದು, ನಿಮಗೆ ಅಡ್ಡಿಯಿಲ್ಲ. ಫಾರ್ಮ್‌ನಲ್ಲಿ ರಿನ್ಯೂವಲ್ ಎಂಬ ಪದ ಹುಡುಕಬೇಡಿ, ಅಲ್ಲಿ ಅದನ್ನು ರೀ-ಇಶ್ಯೂ ಎನ್ನುತ್ತಾರೆ. 36 ಪುಟದ ಪುಸ್ತಕಕ್ಕೆ 1500 ರೂಪಾಯಿ, 60 ಪುಟದ್ದಕ್ಕೆ 2000. ತತ್ಕಾಲ್ ಆದರೆ ಮೇಲೆ ಇನ್ನೊಂದು 2000. ಏಪ್ರಿಲ್‌ಗೆ ಮೂರು ತಿಂಗಳಿರುವಾಗ ನಿಮಗೆ ತತ್ಕಾಲ್ ಬೇಕಿಲ್ಲ, ಸುಮ್ನೆ ಯಾಕೆ ಕಟ್ಟುತ್ತೀರಿ? ನನ್ನದು ಕಳೆದ ವರ್ಷ ನಾರ್ಮಲ್‌ನಲ್ಲೇ ಒಂಬತ್ತು ದಿನಕ್ಕೆ ಬಂತು, ವಿಳಾಸ ಬದಲಾಗಿರಲಿಲ್ಲ, ಪೊಲೀಸ್ ವೆರಿಫಿಕೇಶನ್ ಕೂಡ ಕೇಳಲಿಲ್ಲ. ಎಲ್ಲರಿಗೂ ಹಾಗೇ ಆಗುತ್ತದೆ ಎಂದಲ್ಲ, ವೆರಿಫಿಕೇಶನ್ ಬಿದ್ದರೆ ಕೆಲವು ವಾರ ಹಿಡಿಯಬಹುದು.

ಏಜೆಂಟ್ ಆರು ಸಾವಿರ ಕೇಳುತ್ತಿದ್ದಾನೆ ಎಂದಿದ್ದೀರಿ. ಬೇಡ. ಅವನು ಮಾಡುವುದು ಫಾರ್ಮ್ ತುಂಬಿಸಿ ಸ್ಲಾಟ್ ಬುಕ್ ಮಾಡುವುದಷ್ಟೇ, ಆಮೇಲೆ ಕೌಂಟರ್‌ನಲ್ಲಿ ನಿಲ್ಲಬೇಕಾದವರು ನೀವೇ. ಸರ್ಕಾರದ ವೆಬ್‌ಸೈಟ್ ಒಂದೇ, ಪಾಸ್‌ಪೋರ್ಟ್ ಇಂಡಿಯಾ ಡಾಟ್ ಗವ್ ಡಾಟ್ ಇನ್. ಅದೇ ಥರ ಕಾಣುವ ನಕಲಿ ಸೈಟ್‌ಗಳಿವೆ, ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿಯೇ ದುಡ್ಡು ಕಟ್ಟಿ. ಅನುಮಾನ ಬಂದರೆ 1800-258-1800ಕ್ಕೆ ಫೋನ್ ಮಾಡಿ, ದುಡ್ಡಿಲ್ಲ. ಬೆಂಗಳೂರಿನಲ್ಲಿ ಲಾಲ್‌ಬಾಗ್ ರಸ್ತೆ ಮತ್ತು ಮಾರತ್‌ಹಳ್ಳಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳಲ್ಲಿ ಸ್ಲಾಟ್ ಸಿಗದಿದ್ದರೆ ಹತ್ತಿರದ ಊರಿನ ಪೋಸ್ಟ್ ಆಫೀಸ್ ಕೇಂದ್ರವನ್ನೂ ನೋಡಿ. ದೇಶದಲ್ಲೇ ಮೊದಲು ಶುರುವಾದ ಎರಡು ಪೋಸ್ಟ್ ಆಫೀಸ್ ಕೇಂದ್ರಗಳಲ್ಲಿ ಒಂದು ನಮ್ಮ ಮೈಸೂರಿನದು, 2017ರಲ್ಲಿ.

ಈಗ ನೀವು ಕೊನೆಯಲ್ಲಿ ಹೇಗೋ ಸೇರಿಸಿ ಬಿಟ್ಟಿರುವ ಮಾತು, ನನ್ನ ಪ್ರಕಾರ ಅದೇ ದೊಡ್ಡದು. ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಬರೀ ಹೆಸರಿದೆ, ಸರ್‌ನೇಮ್ ಜಾಗ ಖಾಲಿ. ನಮ್ಮ ಕಡೆ ಇದು ಮಾಮೂಲಿ. ಊರಿನದೊಂದು, ಅಪ್ಪನ ಹೆಸರಿನದೊಂದು ಇನಿಷಿಯಲ್ ಇಟ್ಟುಕೊಂಡು ಬೆಳೆದವರು ನಾವು, ಸರ್‌ನೇಮ್ ಎಂದು ಕೇಳಿದರೆ ಏನು ಬರೆಯುವುದು? ಆದರೆ 2022ರ ನವೆಂಬರ್‌ನಲ್ಲಿ ದುಬೈ ಇರುವ ಯುಎಇ ದೇಶದವರು ಒಂದೇ ಹೆಸರಿರುವ ಪಾಸ್‌ಪೋರ್ಟ್‌ಗೆ ವಿಸಿಟ್ ವೀಸಾ ಇಲ್ಲ ಎಂದರು. ಆಮೇಲೆ, ಕೊನೆಯ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಎಂದು ಸ್ವಲ್ಪ ಸಡಿಲಿಸಿದರು. ಆದರೂ ಹೇಗೂ ಹೊಸ ಪುಸ್ತಕ ಮಾಡಿಸುತ್ತಿದ್ದೀರಿ, ಇನಿಷಿಯಲ್ ಅನ್ನು ಪೂರ್ತಿಯಾಗಿ ಬಿಡಿಸಿ ಬರೆದು ಸರ್‌ನೇಮ್ ಜಾಗ ಈಗಲೇ ತುಂಬಿಸಿಬಿಡಿ. ಅದಕ್ಕೆ ಫಾರ್ಮ್‌ನಲ್ಲಿ ವೈಯಕ್ತಿಕ ವಿವರ ಬದಲಾವಣೆ ಎಂಬುದನ್ನೂ ಆರಿಸಬೇಕು. ಆಧಾರ್, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಹೆಸರು ಅದೇ ರೀತಿ ಇರಬೇಕು, ಒಂದು ಅಕ್ಷರ ಆಚೀಚೆ ಆದರೂ ಕೌಂಟರ್‌ನಲ್ಲಿ ಪ್ರಶ್ನೆ ಬರುತ್ತದೆ. ಆಧಾರ್ ಸರಿ ಇಲ್ಲದಿದ್ದರೆ ಮೊದಲು ಅದನ್ನು ತಿದ್ದಿಸಿ. ಹೆಸರು ಬದಲಾದರೆ ಪೊಲೀಸ್ ವೆರಿಫಿಕೇಶನ್ ಬರುವ ಸಾಧ್ಯತೆ ಜಾಸ್ತಿ, ಬೇಗ ಹಾಕಿ ಎಂದು ಒತ್ತಾಯಿಸುತ್ತಿರುವುದು ಇದಕ್ಕೂ ಸೇರಿ.

ಕೇಂದ್ರಕ್ಕೆ ಹೋಗುವ ದಿನ ಹಳೇ ಪಾಸ್‌ಪೋರ್ಟ್ ಮತ್ತು ಅದರ ಮೊದಲ ಎರಡು, ಕೊನೆಯ ಎರಡು ಪುಟಗಳ ಜೆರಾಕ್ಸ್ ಸಹಿ ಹಾಕಿ ಇಟ್ಟುಕೊಳ್ಳಿ. ಆಧಾರ್ ಒರಿಜಿನಲ್ ಮರೆಯಬೇಡಿ. ಬಿಳಿ ಅಂಗಿ ಬೇಡ, ಫೋಟೋದ ಹಿಂಬದಿಯೂ ಬಿಳಿಯೇ. ಎ, ಬಿ, ಸಿ ಎಂದು ಮೂರು ಕೌಂಟರ್ ದಾಟಬೇಕು. ಎ ಕೌಂಟರ್‌ನಲ್ಲಿ ಫೋಟೋ, ಬೆರಳಚ್ಚು ಆದ ಮೇಲೆ ನಿಮ್ಮ ವಿವರವನ್ನು ಸ್ಕ್ರೀನ್ ಮೇಲೆ ತೋರಿಸುತ್ತಾರೆ. ಅವಸರ ಮಾಡದೆ ಪ್ರತಿ ಅಕ್ಷರ ಓದಿ, ಕನ್ನಡಕ ಮರೆತು ಹೋಗಬೇಡಿ. ಹಳೇ ಪುಸ್ತಕಕ್ಕೆ ಕ್ಯಾನ್ಸಲ್ ಗುರುತು ಹಾಕಿ ವಾಪಸ್ ಕೊಡುತ್ತಾರೆ. ಅದರಲ್ಲಿ ಅಮೆರಿಕದ ವೀಸಾ ಇನ್ನೂ ಇದೆ ಎಂದಿದ್ದೀರಿ, ಹೆಸರು ಬದಲಾಗದಿದ್ದರೆ ಅವಧಿ ಇರುವವರೆಗೆ ಅದು ನಡೆಯುತ್ತದೆ, ಸರ್‌ನೇಮ್ ತುಂಬಿಸಿದರೆ ಮಾತ್ರ ಅವರ ಕಾನ್ಸುಲೇಟ್‌ನಲ್ಲಿ ಒಮ್ಮೆ ಕೇಳಿಕೊಳ್ಳಿ. ಅಲ್ಲಿಗೆ ಹೋಗುವಾಗ ಎರಡೂ ಪುಸ್ತಕ ಜೊತೆಯಲ್ಲಿರಲಿ.

ದುಬೈ ವೀಸಾಕ್ಕೆ ಮಾತ್ರ ಈಗಲೇ ಹಾಕಿಸಬೇಡಿ. ವೀಸಾ ಪಾಸ್‌ಪೋರ್ಟ್ ನಂಬರ್ ಮೇಲೆ ಬರುತ್ತದೆ, ರೀ-ಇಶ್ಯೂ ಆದರೆ ನಂಬರ್ ಬದಲಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಹೊಸ ಪುಸ್ತಕ ಕೈಗೆ ಬರಲಿ, ಹೆಸರು ಸರಿಯಾಗಿ ಬಂದಿದೆಯಾ ನೋಡಿ, ಮೊದಲ ಮತ್ತು ಕೊನೆಯ ಪುಟದ ಫೋಟೋ ತೆಗೆದು ಮಗನಿಗೆ ಕಳಿಸಿ, ಆಮೇಲೆ ಅವರು ವೀಸಾಕ್ಕೆ ಹಾಕಲಿ.